ಎಲ್ಲರೂ ಒಪ್ಪಿದ ಮೇಲೆ

ಫ್ರೀಜರ್ ಪೆಟ್ಟಿಗೆಯ ಪ್ಲಗ್ ಕಿತ್ತು ಅದೇ ಜಾಗಕ್ಕೆ ಫೋನ್ ಚಾರ್ಜರ್ ಸಿಕ್ಕಿಸಿದವರು ಯಾರು ಎಂದು ಕೀರ್ತನಾ ನಡುಮನೆಯಲ್ಲಿ ಕೂತಿದ್ದವರನ್ನೆಲ್ಲ ಕೇಳುತ್ತಿದ್ದಳು. ಗಾಜಿನ ಮುಚ್ಚಳದ ಕೆಳಗೆ ಅವಳ ಸೋದರತ್ತೆ ಶೋಭಾರಾಣಿ ಮಲಗಿದ್ದಳು. ಗಾಜಿನ ಒಳಗೆ ನೀರು ಹನಿಗಟ್ಟಿ ಒಂದೊಂದೇ ತೊಟ್ಟು ಅವಳ ಹಣೆಯ ಮೇಲೆ ಬೀಳುತ್ತಿತ್ತು. ಬೆಳಿಗ್ಗೆ ಹಚ್ಚಿದ್ದ ಅರಿಶಿನ ಕರಗಿ ಕಿವಿಯ ಕಡೆಗೆ ಇಳಿಯುತ್ತಿತ್ತು.

ಅಷ್ಟರಲ್ಲಿ ಚಾರ್ಜಿಗೆ ಹಾಕಿದ್ದ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ ‘ಲೇಔಟ್ ಆತ್ರೇಯ’ ಎಂದು ಬಂತು. ದೊಡ್ಡಪ್ಪ ಬೈರಪ್ಪ ಹೊರಗಿನಿಂದ ಓಡಿಬಂದು ಚಾರ್ಜರ್ ಸಮೇತ ಫೋನು ಕಿತ್ತುಕೊಂಡ. ಬಾಗಿಲ ಹತ್ತಿರ ಹೋಗಿ ನಿಂತು, “ಇಲ್ಲ ಸಾರ್, ಇವತ್ತೇ ಮುಗಿಯುತ್ತೆ. ಸುಮನಹಳ್ಳಿಗೇ ತಗೊಂಡ್ ಹೋಗ್ತಾ ಇದೀವಿ. ನೀವೇನೂ ಯೋಚ್ನೆ ಮಾಡ್ಬೇಡಿ,” ಎಂದ.

ಕೀರ್ತನಾ ಪ್ಲಗ್ ಸಿಕ್ಕಿಸಿದಳು. ಪೆಟ್ಟಿಗೆ ಗುರ್ ಎಂದು ಮತ್ತೆ ತಣ್ಣಗಾಗತೊಡಗಿತು. ಸುಮನಹಳ್ಳಿಯಲ್ಲಿರುವುದು ಕರೆಂಟಿನ ಚಿತಾಗಾರ. ಅತ್ತೆಯನ್ನು ಸುಡುವುದೆಂದು ಯಾರು, ಯಾವಾಗ ತೀರ್ಮಾನ ಮಾಡಿದರು? ಈ ಮನೆತನದಲ್ಲಿ ಅವಳಿಗೆ ಗೊತ್ತಿದ್ದಂತೆ ಇದುವರೆಗೆ ಯಾರನ್ನೂ ಸುಟ್ಟಿರಲಿಲ್ಲ.

ಶೋಭಾರಾಣಿ ಬ್ಯಾಡರಹಳ್ಳಿಯ ರಾಗಿ ಹೊಲದ ಮನೆಯ ಮಗಳು. ಎಂಎಸ್ಸಿ ಓದಿ ಸರ್ಕಾರದ ಒಂದು ಸಮುದ್ರ ಸಂಶೋಧನಾ ಕಚೇರಿ ಸೇರಿದವಳು, ದಕ್ಷಿಣ ಧ್ರುವದ ಸುತ್ತಲ ಸಮುದ್ರದಲ್ಲಿ ಬಲೆ ಎಳೆಯುವ ಪರದೇಶದ ಹಡಗುಗಳನ್ನು ಹತ್ತಿ ತಿಂಗಳುಗಟ್ಟಲೆ ಅಲ್ಲೇ ಇದ್ದು ಬರುತ್ತಿದ್ದಳು. ಹುದ್ದೆಯ ಹೆಸರು ವೀಕ್ಷಕಿ. ನೆಂಟರ ಬಾಯಲ್ಲಿ ಅದು ಮೀನಾಫೀಸರ್ ಆಗಿತ್ತು. ಮೀನಾಫೀಸರಿಗೆ ಮೀನು ಇಷ್ಟವಿರಲೇಬೇಕೆಂದು ಅವಳು ಮನೆಗೆ ಬಂದಾಗಲೆಲ್ಲ ಬಂಗಡೆ ಹುರಿದು ಬಡಿಸುತ್ತಿದ್ದರು. ಮೊದಲ ಪ್ರಯಾಣದ ನಂತರ ಅವಳು ಮೀನು ಮುಟ್ಟಿದ್ದೇ ಇಲ್ಲ. ಯಾರೂ ನೋಡದಾಗ ಅದನ್ನು ಪಕ್ಕದಲ್ಲಿ ಕೂತ ಕೀರ್ತನಾಳ ತಟ್ಟೆಗೆ ದಾಟಿಸಿಬಿಡುತ್ತಿದ್ದಳು. ಸತ್ತದ್ದು ಕಿಡ್ನಿ ಕಾಯಿಲೆಯಿಂದ. ಆದರೆ ಸಾವಿಗೆ ಬಂದವರಿಗೆ ಹಿಮವೇ ಬೇಕಾಗಿತ್ತು. ಆ ಚಳಿಯ ಗಾಳಿ ಕುಡಿದೂ ಕುಡಿದೂ ಎದೆ ಹೆಪ್ಪುಗಟ್ಟಿ ಹೋಯಿತಂತೆ ಎಂದು ಒಬ್ಬಾಕೆ ಇನ್ನೊಬ್ಬಾಕೆಗೆ ಹೇಳುತ್ತಿದ್ದಳು.

ಕೀರ್ತನಾ ಅಡುಗೆಮನೆಗೆ ಹೋಗಿ ಅಮ್ಮನನ್ನು ಕೇಳಿದಳು. ಲತಾ ಒಲೆ ಹಚ್ಚದ ಅಡುಗೆಮನೆಯಲ್ಲಿ ಸುಮ್ಮನೆ ಪಾತ್ರೆ ಜೋಡಿಸುತ್ತಿದ್ದಳು. ರಾತ್ರಿಯೇ ನಿಮ್ಮಪ್ಪ, ದೊಡ್ಡಪ್ಪ ಮಾತಾಡಿಕೊಂಡರು, ನೀನು ಇದರಲ್ಲಿ ತಲೆ ಹಾಕಬೇಡ ಎಂದಳು. ಮೂರನೇ ದಿನದ ಹಾಲು-ತುಪ್ಪಕ್ಕೆ ಎಡೆಯಲ್ಲಿ ಬಂಗಡೆ ಇಡೋಣವೋ ಅಂಜಲ್ ಇಡೋಣವೋ ಎಂದು ಅದರ ಹಿಂದೆಯೇ ಕೇಳಿದಳು. ಕೀರ್ತನಾಳಿಗೆ ಮೈಯೆಲ್ಲ ಉರಿದುಹೋಯಿತು.

ವಿಷಯ ಏನೆಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳುತ್ತಿರಲಿಲ್ಲ. ಅಜ್ಜ ದೊಡ್ಡಹನುಮಯ್ಯನ ಹೊಲಗಳೆಲ್ಲ ಸೈಟುಗಳಾಗಿ, ಸೈಟುಗಳು ಮೂರು ಮಹಡಿಯ ಬಾಡಿಗೆ ಮನೆಗಳಾಗಿ ಹೋದ ಮೇಲೂ ಒಂದು ತುಂಡು ಉಳಿದುಕೊಂಡಿತ್ತು. ಅದರಲ್ಲೊಂದು ಹುಣಸೆಮರ, ಮಳೆಗಾಲದಲ್ಲಿ ತುಂಬುವ ಕುಂಟೆ, ಅಜ್ಜ ಅಜ್ಜಿಯ ಸಮಾಧಿ. ಅದು ಬೈರಪ್ಪ, ಶೋಭಾರಾಣಿ ಮತ್ತು ಕೀರ್ತನಾಳ ಅಪ್ಪ ಮಂಜುನಾಥ್ ಮೂವರ ಹೆಸರಿನಲ್ಲಿತ್ತು. ಅಣ್ಣ ತಮ್ಮ ಮಾರಲು ತುದಿಗಾಲಲ್ಲಿ ನಿಂತಿದ್ದರು. ಇವಳು ವರ್ಷಗಟ್ಟಲೆ ಒಪ್ಪಿಗೆ ಕೊಡಲಿಲ್ಲ. ಒಂದು ತುಂಡಾದರೂ ಹಾಗೇ ಇರಲಿ ಎನ್ನುವುದನ್ನು ಬಿಟ್ಟರೆ ಬೇರೆ ಕಾರಣವನ್ನೂ ಹೇಳಲಿಲ್ಲ. ಗಂಡ ಮಕ್ಕಳಿಲ್ಲದವಳು. ಈಗ ಅವಳ ಪಾಲೂ ಅವರಿಬ್ಬರಿಗೇ ಬಂತು. ಅವಳನ್ನು ಅಪ್ಪನ ಪಕ್ಕದಲ್ಲಿ ಹೂತರೆ ಹಸಿ ಸಮಾಧಿ ಇರುವ ಜಾಗವನ್ನು ಯಾವ ಲೇಔಟಿನವನೂ ಕೊಳ್ಳುವುದಿಲ್ಲ. ಸುಟ್ಟರೆ ತೀರಿತು. ಹಳೆಯ ಎರಡು ಸಮಾಧಿಗಳ ಕಲ್ಲನ್ನು ಶಾಸ್ತ್ರ ಮಾಡಿಸಿ ಎತ್ತಿಸುವುದಕ್ಕೆ ಬೈರಪ್ಪ ಆಗಲೇ ಪೂಜಾರಿಯನ್ನು ಗೊತ್ತುಮಾಡಿದ್ದ.

ಕೀರ್ತನಾ ಹೊರಗೆ ಬಂದು, ಶಾಮಿಯಾನದ ಕೆಳಗೆ ನಿಂತಿದ್ದ ದೊಡ್ಡಪ್ಪನನ್ನು ನೇರವಾಗಿ ಕೇಳಿದಳು. ಆಸ್ಪತ್ರೆಯಲ್ಲಿ ಅತ್ತೆ ‘ಅಪ್ಪನ ಪಕ್ಕ’ ಎಂದದ್ದನ್ನು ನೀವೂ ಕೇಳಿಸಿಕೊಂಡಿರಲ್ಲ ಎಂದಳು. ಬೈರಪ್ಪ ಕೇಳಿಸಿಕೊಂಡಿದ್ದ. ಆದರೆ ಅವನಲ್ಲಿ ಉತ್ತರ ಬೇಕಾದಷ್ಟಿತ್ತು. ಇದು ಮೊದಲಿನ ಹಳ್ಳಿಯಲ್ಲ, ಸುತ್ತ ಮನೆಗಳಾಗಿವೆ, ಅಕ್ಕಪಕ್ಕದವರು ದೂರು ಕೊಡುತ್ತಾರೆ. ಕಡೆಗೆ, ಈವರೆಗೆ ಯಾರೂ ಕೇಳದಿದ್ದ ಒಂದು ಶಾಸ್ತ್ರವನ್ನೂ ತೆಗೆದ.

“ಮದುವೆ ಆಗ್ದಿರೋ ಹೆಣ್ಮಕ್ಳನ್ನ ತವರಿನ ಮಣ್ಣಲ್ಲಿ ಇಡಬಾರ್ದು ಕಣಮ್ಮ. ಮನೆಗೆ ಒಳ್ಳೇದಾಗಲ್ಲ.”

“ಯಾರ್ ಹೇಳಿದ್ದು ದೊಡ್ಡಪ್ಪ? ಲೇಔಟ್ ಆತ್ರೇಯನಾ?”

ಬೈರಪ್ಪ ಅವಳನ್ನು ದುರುಗುಟ್ಟಿ ನೋಡಿ, ಚಟ್ಟ ಕಟ್ಟುತ್ತಿದ್ದವರ ಕಡೆಗೆ ತಿರುಗಿ ಬೇಗ ಬೇಗ ಎಂದ.

*

ಶೋಭಾರಾಣಿ ಒಂದು ಸಲ ಹತ್ತಿದ್ದ ಹಡಗು ಬಲೆಯನ್ನು ಮೇಲೆತ್ತುವುದೇ ಅಪರೂಪವಾಗಿತ್ತು. ಬಲೆಯ ಬಾಲಕ್ಕೆ ದಪ್ಪನೆಯ ಪೈಪು ಜೋಡಿಸಿ ಹಗಲೂ ರಾತ್ರಿ ಕ್ರಿಲ್ ಹೀರುತ್ತಿತ್ತು. ಕ್ರಿಲ್ ಎಂದರೆ ಕಿರುಬೆರಳಿನಷ್ಟಿರುವ, ಒಳಗಿನ ಕರುಳು ಕೂಡ ಕಾಣುವ ಸೀಗಡಿಯಂಥ ಜೀವ. ಪೆಂಗ್ವಿನ್, ಸೀಲ್, ತಿಮಿಂಗಿಲ, ಆ ಸಮುದ್ರದಲ್ಲಿ ಎಲ್ಲರಿಗೂ ಅದೇ ಅನ್ನ. ಹಡಗಿನಲ್ಲಿ ಅದನ್ನು ಒಣಗಿಸಿ ಪುಡಿ ಮಾಡಿ ಮೂಟೆ ಕಟ್ಟುತ್ತಿದ್ದರು. ಎಲ್ಲೋ ಕೆರೆ ಕಟ್ಟಿ ಸಾಕಿದ ಮೀನಿಗೆ ಮೇವಾಗಿ, ಮಂಡಿನೋವಿನವರಿಗೆ ಮಾತ್ರೆಯಾಗಿ ಅದು ಹೋಗುತ್ತಿತ್ತು.

ಶೋಭಾರಾಣಿಯ ಕೆಲಸ ನೋಡುವುದು. ಬಲೆಯಲ್ಲಿ ಕ್ರಿಲ್ ಜೊತೆ ಬೇರೆ ಏನು ಬಂತು, ಹಗ್ಗಕ್ಕೆ ಬಡಿದು ಯಾವ ಹಕ್ಕಿ ಬಿತ್ತು ಎಂದು ನೋಡಿ ವರದಿ ಮಾಡಬೇಕು. ತಡೆಯುವ ಅಧಿಕಾರವಿರಲಿಲ್ಲ. ಬಲೆಯ ಬಾಯಿಗೆ ಸೀಲ್‌ಗಳು ಒಳಗೆ ನುಗ್ಗದಂತೆ ಅಡ್ಡಜಾಲ ಕಟ್ಟಬೇಕೆಂಬುದು ನಿಯಮ. ಅದು ಇದ್ದರೆ ಕ್ರಿಲ್ ನುಗ್ಗುವುದೂ ನಿಧಾನವಾಗುತ್ತದೆಂದು ಆ ಹಡಗಿನವರು ಅದನ್ನು ಬಿಚ್ಚಿ ಮೂಲೆಗೆ ಹಾಕಿದ್ದರು. ಅವಳು ಅದನ್ನು ನೋಡಿದ್ದು ಬಲೆ ರಿಪೇರಿಗೆಂದು ಮೇಲೆ ಬಂದ ದಿನ. ಬಲೆಯೊಳಗೆ ಮರಿ ಸೀಲ್‌ಗಳು ಉಸಿರು ಕಟ್ಟಿ ಸತ್ತಿದ್ದವು. ಅವುಗಳ ಕಣ್ಣು ಪೂರಾ ತೆರೆದಿತ್ತು. ಒಂದನ್ನು ಅವಳು ಕೈಯಿಂದ ಬಿಡಿಸುವಾಗ ಅದರ ಮೈ ಇನ್ನೂ ಬೆಚ್ಚಗಿತ್ತು.

ಹಡಗು ನಿಲ್ಲಿಸಿ ಎಂದು ಅವಳು ಕ್ಯಾಪ್ಟನ್ ಹತ್ತಿರ ಹೋದಳು. ಆತ ಕೆಟ್ಟವನೇನಲ್ಲ. ಬಿಸಿ ಕಾಫಿ ಕೊಟ್ಟು, ಯಾವ ನಿಯಮದ ಪ್ರಕಾರ ನೀನು ನನ್ನನ್ನು ನಿಲ್ಲಿಸುತ್ತೀಯ, ತೋರಿಸು ಎಂದ. ಅಂಥ ನಿಯಮವಿರಲಿಲ್ಲ. ನೋಡಿದ್ದನ್ನು ಬರೆದುಕೋ, ಬರೆಯಬೇಡ ಎಂದು ನಾನು ಹೇಳುವುದಿಲ್ಲ ಎಂದ. ಅವಳು ಬರೆದಳು. ಸೀಲ್‌ಗಳು ಸತ್ತವು ಎಂದೇ ಬರೆದಳು. ಊರಿಗೆ ಬಂದ ಮೇಲೆ ಅವಳ ಮೇಲಧಿಕಾರಿ ಸುಧೀಂದ್ರ ‘ಸತ್ತವು’ ಎಂಬುದನ್ನು ಹೊಡೆದು ಹಾಕಿ, ಬಲೆಯೊಂದಿಗೆ ‘ಸಂಪರ್ಕಕ್ಕೆ ಬಂದವು’ ಎಂದು ತಿದ್ದಿದ. ಎರಡು ದೇಶಗಳ ಸಂಬಂಧದ ವಿಷಯ, ಭಾಷೆ ಮೃದುವಾಗಿರಲಿ ಎಂದ. ವಿಜಯನಗರದ ತನ್ನ ಬಾಡಿಗೆ ಮನೆಯಲ್ಲಿ ಕೀರ್ತನಾಳಿಗೆ ಇದನ್ನು ಹೇಳುವಾಗ ಅತ್ತೆ ಕಾಫಿ ಲೋಟವನ್ನು ಕೆಳಗಿಟ್ಟು, “ನಮ್ಮಪ್ಪ ನಿನ್ನೆ ಸಾವಿನ ಸಂಪರ್ಕಕ್ಕೆ ಬಂದ್ರು ಅಂತ ಯಾರಾದ್ರೂ ಹೇಳ್ತಾರೇನೇ?” ಎಂದಿದ್ದಳು.

*

ಚಟ್ಟ ಸಿದ್ಧವಾಯಿತು. ಪೆಟ್ಟಿಗೆಯಿಂದ ಶವವನ್ನು ಇಳಿಸಿ, ಬಾಯಿಗೆ ಅಕ್ಕಿ ಹಾಕುವ ಶಾಸ್ತ್ರ ಮುಗಿಸಿದರು. ಸುಮನಹಳ್ಳಿಯ ವ್ಯಾನು ಬೀದಿಯಲ್ಲಿ ಹಿಂದು ಮುಂದಾಗಿ ತಿರುಗಿ ನಿಂತಿತು. ಬಾಡಿಗೆ ಮನೆಗಳವರು ಮಹಡಿಯಿಂದ ಬಗ್ಗಿ ನೋಡುತ್ತಿದ್ದರು.

ಈ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಎಂದೋ ಒಮ್ಮೆ ದೂರದಿಂದ ಬರುತ್ತಿದ್ದ ಮಗಳಿಗೆ ಕಾಯದೆ ಅಪ್ಪನ ಹೆಣ ಎತ್ತಿಬಿಟ್ಟರಂತೆ. ಆಕೆ ಬಂದು ಖಾಲಿ ಜಗುಲಿಯ ಮೇಲೆ ಮಣ್ಣು ತೂರಿ ಶಾಪ ಹಾಕಿ ಹೋದಳಂತೆ. ಅಂದಿನಿಂದ ಮನೆಯ ಹಿರಿಯನಾದವನು ಹೆಣದ ತಲೆಯ ಕಡೆ ನಿಂತು ‘ಎತ್ತಬಹುದಾ?’ ಎಂದು ಕೇಳಬೇಕು, ಮನೆಯವರೆಲ್ಲ ‘ಎತ್ತಿ’ ಎನ್ನಬೇಕು. ಹೆಣ್ಣು ಗಂಡು ಎಂಬ ಭೇದವಿಲ್ಲ. ಒಬ್ಬರು ಬೇಡ ಎಂದರೂ ಎತ್ತುವ ಹಾಗಿಲ್ಲ. ಬೇಡ ಎಂದವರನ್ನು ಈವರೆಗೆ ಯಾರೂ ಕಂಡಿರಲಿಲ್ಲ. ಹಾಗಾಗಿ ಅದು ನಾಲಗೆ ತುದಿಯ ಶಾಸ್ತ್ರವಾಗಿ ಉಳಿದಿತ್ತು.

ಈಗಿನ ಹಿರಿಯ ಅಜ್ಜನ ತಮ್ಮ ದ್ಯಾಮಪ್ಪ. ಮಂಡಿ ಹಿಡಿದುಕೊಂಡು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, “ಎತ್ತಬಹುದಾ?” ಎಂದ.

ಎತ್ತಿ, ಎತ್ತಿ ಎಂದು ನಾಲ್ಕಾರು ಧ್ವನಿ ಬಂತು. ಹೆಗಲು ಕೊಡುವವರು ಬಗ್ಗಿದರು.

“ಬೇಡ. ನನ್ ಒಪ್ಪಿಗೆ ಇಲ್ಲ,” ಎಂದಳು ಕೀರ್ತನಾ.

ಬಗ್ಗಿದವರು ಬಗ್ಗಿಕೊಂಡೇ ಅವಳನ್ನು ನೋಡಿದರು. ತಮಟೆಯವನು ಕೈ ನಿಲ್ಲಿಸಿದ. ಬೈರಪ್ಪನ ಮುಖ ಕೆಂಪಗಾಯಿತು. ಮಂಜ, ನಿನ್ನ ಮಗಳಿಗೆ ಹೇಳು ಎಂದ. ಮಂಜುನಾಥ್ ಬದುಕಿನಲ್ಲಿ ಯಾರಿಗೂ ಏನನ್ನೂ ಗಟ್ಟಿಯಾಗಿ ಹೇಳಿದವನಲ್ಲ. ನಾಯಂಡಹಳ್ಳಿಯ ತನ್ನ ಟೈಲ್ಸ್ ಗೋಡೌನಿನಲ್ಲಿ ಆಳುಗಳೂ ಅವನ ಮಾತು ಕೇಳುತ್ತಿರಲಿಲ್ಲ. ಬೇಡಮ್ಮ ಕೀರ್ತಿ, ನೆಂಟರೆಲ್ಲ ಇದಾರೆ ಎಂದು ಗೊಣಗಿದ.

“ನೆಂಟ್ರು ಇರ್ಲಿ ಅಪ್ಪ. ಅತ್ತೇನ ತಾತನ ಪಕ್ಕ ಇಡ್ತೀವಿ ಅಂದ್ರೆ ಈಗ್ಲೇ ಎತ್ತಿ. ಸುಮನಹಳ್ಳಿಗೆ ಅಂದ್ರೆ ನಾನು ಒಪ್ಪಲ್ಲ.”

ಬೈರಪ್ಪ ಅದೆಲ್ಲ ಹಳೆಯ ಕಾಲದ್ದು, ಎತ್ತಿ ಎಂದು ಹೆಗಲಿನವರಿಗೆ ಹೇಳಿದ. ದ್ಯಾಮಪ್ಪ ಕೈ ಅಡ್ಡ ಹಿಡಿದ. ಅವನಿಗೆ ಕೀರ್ತನಾಳ ಮೇಲೆ ವಿಶೇಷ ಪ್ರೀತಿಯೇನಿರಲಿಲ್ಲ. ಜಮೀನಿನ ಸಂಗತಿಯೂ ಬೇಕಿರಲಿಲ್ಲ. ಆದರೆ ಊರಲ್ಲಿ ಅವನನ್ನು ಕೇಳಿ ಮಾಡುವ ಕೆಲಸವೆಂದು ಉಳಿದಿದ್ದು ಇದೊಂದೇ. ಅದನ್ನೂ ಬೈರಪ್ಪ ಹಳೆಯ ಕಾಲದ್ದು ಎಂದುಬಿಟ್ಟ.

“ನಾನ್ ಕೇಳ್ದೆ, ಒಬ್ಳು ಬೇಡ ಅಂದ್ಲು. ಮುಗೀತು. ನಾನು ಎತ್ಸಲ್ಲ,” ಎಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಗಟ್ಟಿಯಾಗಿ ಕೂತ.

ಶವವನ್ನು ಮತ್ತೆ ಪೆಟ್ಟಿಗೆಗೆ ಸೇರಿಸಿದರು. ಕೀರ್ತನಾ ಪ್ಲಗ್ಗಿನ ಪಕ್ಕದಲ್ಲೇ, ಪೆಟ್ಟಿಗೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ಅವಳ ಬೆನ್ನು ತಣ್ಣಗಾಯಿತು, ತಲೆ ಮಾತ್ರ ಕುದಿಯುತ್ತಿತ್ತು.

*

ಸಮುದ್ರ ಮುಚ್ಚುವುದು ಎಂದರೇನೆಂದು ಅವಳು ಅತ್ತೆಯನ್ನು ಒಮ್ಮೆ ಕೇಳಿದ್ದಳು. ಅವರೆಕಾಯಿ ಕಾಲ. ಇಬ್ಬರೂ ವಿಜಯನಗರದ ಮನೆಯಲ್ಲಿ ನೆನೆಸಿದ ಅವರೆಕಾಳನ್ನು ಹಿಸುಕಿ ಬೇಳೆ ತೆಗೆಯುತ್ತಿದ್ದರು. ಕೀರ್ತನಾ ಆಗಷ್ಟೇ ಹತ್ತಿರದ ಶಾಲೆಯಲ್ಲಿ ಟೀಚರಾಗಿ ಸೇರಿದ್ದಳು. ಸಂಜೆ ಅತ್ತೆಯ ಮನೆಗೆ ಹೋಗಿ ತಿಂದೇ ಬ್ಯಾಡರಹಳ್ಳಿಯ ಬಸ್ಸು ಹತ್ತುತ್ತಿದ್ದಳು.

ಶೋಭಾರಾಣಿ ಆಗತಾನೇ ದೊಡ್ಡ ಸಭೆಯೊಂದರಿಂದ ಬಂದಿದ್ದಳು. ಆ ಸಮುದ್ರಕ್ಕೆ ದೇಶವಿಲ್ಲ, ಒಡೆಯರಿಲ್ಲ. ಅಲ್ಲಿ ಎಲ್ಲಿ ಎಷ್ಟು ಹಿಡಿಯಬಹುದೆಂದು ನಿರ್ಧರಿಸಲು ದೇಶಗಳ ಪ್ರತಿನಿಧಿಗಳು ವರ್ಷಕ್ಕೊಮ್ಮೆ ಸೇರುತ್ತಾರೆ. ಒಂದು ಕೊಲ್ಲಿಯಿದೆ, ದಡದ ತುಂಬ ಪೆಂಗ್ವಿನ್ ಗೂಡುಗಳು. ಮರಿಗಳಿಗೆ ತುತ್ತು ತರಲು ತಾಯಿ ತಂದೆ ಆ ಕೊಲ್ಲಿಯ ಕ್ರಿಲ್ಲನ್ನೇ ನಂಬಿರುತ್ತವೆ. ಹಡಗುಗಳೂ ಅದೇ ಕೊಲ್ಲಿಗೆ, ಅದೇ ತಿಂಗಳಲ್ಲಿ ನುಗ್ಗುತ್ತವೆ, ಯಾಕೆಂದರೆ ಕ್ರಿಲ್ ದಟ್ಟವಾಗಿರುವುದು ಅಲ್ಲೇ. ತಂದೆ ತಾಯಿ ದೂರ ಹೋಗಬೇಕಾಗುತ್ತದೆ, ಬರುವುದು ತಡವಾಗುತ್ತದೆ, ಮರಿ ಕಾದು ಕಾದು ಸಾಯುತ್ತದೆ. ಮರಿ ಇರುವ ತಿಂಗಳುಗಳಲ್ಲಾದರೂ ಆ ಕೊಲ್ಲಿಗೆ ಹಡಗು ಬರಬಾರದು ಎಂಬುದು ಪ್ರಸ್ತಾಪ. ಅದಕ್ಕೆ ಬೇಕಾದ ಲೆಕ್ಕಾಚಾರದಲ್ಲಿ ಅವಳ ವರ್ಷಗಳ ದುಡಿಮೆಯಿತ್ತು.

“ಒಪ್ಪಿದ್ರಾ?”

“ನಮ್ಮನೇಲಿ ಹೆಣ ಎತ್ತೋವಾಗ ಕೇಳ್ತಾರಲ್ಲ, ಅಲ್ಲೂ ಹಂಗೇ. ಮುಚ್ಚಬಹುದಾ ಅಂತ ಅಧ್ಯಕ್ಷ ಕೇಳ್ತಾನೆ. ಎಲ್ರೂ ಹೂಂ ಅನ್ಬೇಕು. ಒಬ್ಬ ಇನ್ನೂ ಸ್ಟಡಿ ಆಗ್ಬೇಕು ಅಂದ. ಮುಗೀತು.”

“ಒಬ್ನೇ?”

“ಒಬ್ನೇ. ರಾತ್ರಿ ಊಟದ ಹೊತ್ತಾದ್ರೂ ಅಲ್ಲಾಡ್ಲಿಲ್ಲ. ಬೇಡ ಅನ್ನೋನಿಗೆ ಕಾಯೋಕೆ ಬರುತ್ತೆ ಕಣೇ. ಬೇಕು ಅನ್ನೋರಿಗೆ ಫ್ಲೈಟ್‌ಗೆ ಹೊತ್ತಾಗಿರುತ್ತೆ.”

ಸುಧೀಂದ್ರ ಆಗ ಎದ್ದು ಮಧ್ಯದ ದಾರಿಯೊಂದನ್ನು ಸೂಚಿಸಿದ್ದ. ಕೊಲ್ಲಿಯನ್ನು ಬಿಟ್ಟು, ಅದರಾಚೆಯ ಆಳದ ಸಮುದ್ರದಲ್ಲಿ ಒಂದು ಭಾಗ ಮುಚ್ಚೋಣ ಎಂದಿದ್ದ. ಅದಕ್ಕೆ ಎಲ್ಲರೂ ತಲೆಯಾಡಿಸಿ ಚಪ್ಪಾಳೆ ತಟ್ಟಿದರು. ಆ ಭಾಗದಲ್ಲಿ ಕ್ರಿಲ್ಲೂ ಇರಲಿಲ್ಲ, ಹಡಗೂ ಹೋಗುತ್ತಿರಲಿಲ್ಲ. ಹಿಂದಿನ ಸಾಲಿನಲ್ಲಿ ಕೂತಿದ್ದ ಶೋಭಾರಾಣಿ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಅವಳಿಗೆ ಅಲ್ಲಿ ಮಾತಾಡುವ ಹಕ್ಕೂ ಇರಲಿಲ್ಲ. ಹೇಳುತ್ತ ಹೇಳುತ್ತ ಅವಳು ಅವರೆಕಾಳನ್ನು ಎಷ್ಟು ಜೋರಾಗಿ ಹಿಸುಕಿದಳೆಂದರೆ ಬೇಳೆ ಹಾರಿ ಹೋಗಿ ಗೋಡೆಗೆ ಬಡಿಯಿತು.

*

ಹೆಣ ಮನೆಯಲ್ಲಿರುವಾಗ ಒಲೆ ಹಚ್ಚುವ ಹಾಗಿಲ್ಲ. ಮಣ್ಣಾದ ಮೇಲೆ ಊಟಕ್ಕೆಂದು ತಂದಿದ್ದ ಕೊಳಗಗಳು ಶಾಮಿಯಾನದ ಹಿಂದೆ ಬಾಯಿ ತೆರೆದುಕೊಂಡು ಬಿದ್ದಿದ್ದವು. ಬಿಸಿಲು ನೆತ್ತಿಗೆ ಬಂತು. ಒಂದು ಫೋನ್ ಮಾಡಿ ಬರ್ತೀನಿ ಎಂದು ಮಾಗಡಿ ರಸ್ತೆಯ ದರ್ಶಿನಿಗೆ ಹೋದವರು ತುಟಿಯಂಚಿನಲ್ಲಿ ಚಟ್ನಿ ಅಂಟಿಸಿಕೊಂಡು ವಾಪಸು ಬಂದರು. ಸುಮನಹಳ್ಳಿಯಲ್ಲಿ ಬುಕ್ ಮಾಡಿದ್ದ ಹೊತ್ತು ಮೀರಿತು, ವ್ಯಾನಿನವನು ಬೇರೆ ಹೆಣವಿದೆಯೆಂದು ಹೊರಟುಹೋದ. ಬೈರಪ್ಪ ಇನ್ನೊಂದು ಹೊತ್ತು ಬುಕ್ ಮಾಡಲು ಫೋನ್ ಮಾಡತೊಡಗಿದ. ನಡುನಡುವೆ ಆತ್ರೇಯನ ಫೋನೂ ಬರುತ್ತಿತ್ತು.

ಅಷ್ಟರಲ್ಲಿ ಸುಧೀಂದ್ರ ಬಂದ. ಈಗ ನಿವೃತ್ತನಾಗಿ ರಾಜಾಜಿನಗರದಲ್ಲಿದ್ದ. ಕಚೇರಿಯ ಹೆಸರಿನ ಪಟ್ಟಿ ಅಂಟಿಸಿದ ದೊಡ್ಡ ಹೂಚಕ್ರವೊಂದನ್ನು ಡ್ರೈವರ್ ಹಿಂದಿನಿಂದ ಹೊತ್ತು ತಂದ. ಪೆಟ್ಟಿಗೆಯ ಎದುರು ಕಣ್ಣು ಮುಚ್ಚಿ ನಿಂತು, ಶೋಭಾರಾಣಿ ಎಂದರೆ ಸದಾ ಎಲ್ಲರನ್ನೂ ಜೊತೆಗೆ ಕರೆದುಕೊಂಡು ಹೋಗುವವರು, ಒಮ್ಮತದಲ್ಲಿ ನಂಬಿಕೆ ಇದ್ದವರು ಎಂದು ಸುತ್ತ ನಿಂತವರಿಗೆ ಹೇಳಿದ. ಕೀರ್ತನಾ ಅವನ ಪಾಲಿಶ್ ಮಾಡಿದ ಷೂಗಳನ್ನೇ ನೋಡುತ್ತ ಕೂತಿದ್ದಳು. ಬೇರೆ ಯಾರೂ ಷೂ ಹಾಕಿಕೊಂಡು ನಡುಮನೆಗೆ ಬಂದಿರಲಿಲ್ಲ.

ಓದಿದವರು, ದೊಡ್ಡವರು, ನೀವಾದರೂ ಈ ಹುಡುಗಿಗೆ ಬುದ್ಧಿ ಹೇಳಿ ಎಂದು ಬೈರಪ್ಪ ಅವನನ್ನು ಹಿಡಿದುಕೊಂಡ. ಸುಧೀಂದ್ರನಿಗೆ ಇಂಥ ಕೆಲಸವೆಂದರೆ ಖುಷಿ. ಕುರ್ಚಿ ಎಳೆದುಕೊಂಡು ಕೂತು ಎಲ್ಲವನ್ನೂ ಕೇಳಿ, ಸ್ವಲ್ಪ ಯೋಚಿಸಿದಂತೆ ಮಾಡಿ, ಎರಡೂ ಕಡೆಗೆ ಒಪ್ಪುವ ಮಾತಾಡಿದ.

“ನೋಡಮ್ಮ, ಸುಮನಹಳ್ಳೀಲೇ ಆಗ್ಲಿ. ಬೂದಿ ತಂದು ಆ ಮರದ ಬುಡಕ್ಕೆ ಹಾಕಿ. ಅವರ ಇಚ್ಛೇನೂ ಆಯ್ತು, ಇವರಿಗೂ ತೊಂದ್ರೆ ಇಲ್ಲ.”

ನೆಂಟರಲ್ಲಿ ಕೆಲವರು ಭೇಷ್ ಎಂದು ತಲೆಯಾಡಿಸಿದರು. ಬೈರಪ್ಪನಂತೂ ಒಪ್ಪಿಯೇಬಿಟ್ಟ.

“ಕ್ರಿಲ್ ಇಲ್ದಿರೋ ಕಡೆ ಸಮುದ್ರ ಮುಚ್ಚೋಣ ಅಂದ್ರಲ್ಲ ಸಾರ್, ಇದೂ ಹಂಗೇ,” ಎಂದಳು ಕೀರ್ತನಾ. “ಬೂದಿ ಹಾಕಿದ್ ಮಾರನೇ ದಿನ ಮರ ಕಡೀತಾರೆ. ಆಮೇಲೆ ಏನಂತ ಬರೀತೀರಿ? ಮೇಡಂ ಮರದ ಸಂಪರ್ಕಕ್ಕೆ ಬಂದ್ರು ಅಂತಾನಾ?”

ಸುಧೀಂದ್ರನ ಮುಖ ಒಂದು ಕ್ಷಣ ಬಿಳುಚಿತು. ಯಾವ ವಿಷಯ ಹೇಳುತ್ತಿದ್ದೀರೋ ಗೊತ್ತಾಗಲಿಲ್ಲ ಎಂದ. ಗೊತ್ತಾಗಿತ್ತು. ಟ್ರಾಫಿಕ್ಕು ಶುರುವಾಗುವುದರೊಳಗೆ ಹೋಗಬೇಕೆಂದು ಎದ್ದು, ಬೈರಪ್ಪನ ಕೈ ಕುಲುಕಿ ಹೊರಟುಹೋದ. ಹೂಚಕ್ರ ಗೋಡೆಗೆ ಒರಗಿಕೊಂಡು ಅಲ್ಲೇ ಉಳಿಯಿತು.

ಬೈರಪ್ಪನಿಗೆ ಈಗ ತಡೆಯಲಾಗಲಿಲ್ಲ. ಪೆಟ್ಟಿಗೆಯ ಹತ್ತಿರ ಬಂದು, ಗಾಜಿನೊಳಗಿನ ತಂಗಿಯ ಕಡೆಗೇ ಕೈ ತೋರಿಸಿದ.

“ಎಲ್ಲಾ ಇವಳು ಕಲ್ಸಿದ್ದು. ಅಲ್ಲಿ ಯಾವನೋ ಒಬ್ಬ ಬೇಡ ಅಂದ ಅಂತ ಊರೆಲ್ಲಾ ಬಯ್ಕೊಂಡ್ ಓಡಾಡಿದ್ಲು. ಇಲ್ಲಿ ನಮ್ ಕೆಲ್ಸಕ್ಕೆ ಇವಳೊಬ್ಳೇ ಬೇಡ ಅಂದ್ಲು. ನಾನ್ ಇವಳ ಮುಖಕ್ಕೇ ಕೇಳಿದೀನಿ, ನಾಚ್ಕೆ ಆಗಲ್ವಾ ಅಂತ.”

“ಏನಂದ್ರು?” ಎಂದಳು ಕೀರ್ತನಾ.

ಉತ್ತರ ಕೊಟ್ಟವಳು ಲತಾ. ಅಡುಗೆಮನೆಯ ಬಾಗಿಲಲ್ಲಿ ಖಾಲಿ ತಟ್ಟೆಯೊಂದನ್ನು ಎದೆಗೆ ಹಿಡಿದು ನಿಂತಿದ್ದಳು. ಭಾವನ ಎದುರು ಅವಳು ಮಾತಾಡಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

“‘ನಾಚ್ಕೆ ಆಗುತ್ತೆ ಅಣ್ಣ, ಆದ್ರೂ ಬೇಡ’ ಅಂದ್ರು. ‘ಅಲ್ಲಿ ಅವ್ರು ತಿನ್ನೋಕೆ ಬೇಡ ಅಂತಾರೆ, ಇಲ್ಲಿ ನಾನು ಉಳಿಸೋಕೆ ಬೇಡ ಅಂತೀನಿ, ನಂಗೆ ಗೊತ್ತಿರೋದು ಇದೊಂದೇ ದಾರಿ’ ಅಂದ್ರು. ನಾನು ಕಾಫಿ ತಂದು ಕೊಡ್ತಾ ಇದ್ದೆ, ಕೇಳಿಸ್ಕೊಂಡೆ.” ಆಮೇಲೆ ಗಂಡನ ಕಡೆ ತಿರುಗಿ, “ನಂದೂ ಒಪ್ಪಿಗೆ ಇಲ್ಲ ರೀ,” ಎಂದಳು.

ಮಂಜುನಾಥ್ ಹೆಂಡತಿಯನ್ನು ನೋಡಿದ, ಮಗಳನ್ನು ನೋಡಿದ, ಗಾಜಿನ ಮೇಲೆ ಮತ್ತೆ ಕೂತ ಹನಿಗಳನ್ನು ನೋಡಿದ. ಹಸಿದ ನೆಂಟರು ಆಗಲೇ ತಿರುಗಿಬಿದ್ದಿದ್ದರು. ಎಲ್ಲಾದರೂ ಮಣ್ಣು ಮಾಡ್ರಪ್ಪ, ಶುಗರ್ ಇರೋರು ಎಷ್ಟು ಹೊತ್ತು ಕಾಯೋದು ಎಂದು ಒಬ್ಬರು. ಅಪ್ಪನ ಜಮೀನು ಇರುವಾಗ ಕರೆಂಟಿಗೆ ಯಾಕೆ ಎಂದು, ಬೆಳಿಗ್ಗೆ ಕರೆಂಟೇ ಸರಿ ಎಂದಿದ್ದ ಇನ್ನೊಬ್ಬರು. ಮಂಜುನಾಥ್ ಜೇಬಿನಿಂದ ಫೋನ್ ತೆಗೆದು ಹೊರಗೆ ಹೋದ. ಬರುವ ವಾರ ಹುಣಸೆಮರ ಉರುಳಿಸಿ ಕುಂಟೆ ಮುಚ್ಚಲೆಂದು ಜೆಸಿಬಿ ಗೊತ್ತುಮಾಡಿದ್ದು ಅವನೇ.

“ಸೋಮವಾರ ಬೇಡ. ಇವತ್ತೇ ಬಾ,” ಎಂದು ಅವನು ಹೇಳುತ್ತಿದ್ದದ್ದು ಒಳಗೂ ಕೇಳಿಸಿತು. “ಇಲ್ಲ, ಮರ ಅಲ್ಲ. ಗುಂಡಿ ತೋಡ್ಬೇಕು.”

ಶವವನ್ನು ಮತ್ತೆ ಚಟ್ಟಕ್ಕೆ ಇಳಿಸಿದರು. ದ್ಯಾಮಪ್ಪ ಎದ್ದು ಮತ್ತೆ ಎತ್ತಬಹುದಾ ಎಂದು ಕೇಳಿದಾಗ ಒಬ್ಬಂಟಿಯಾದ ಬೈರಪ್ಪನೂ ತುಟಿ ಅಲ್ಲಾಡಿಸಿದ. ಎತ್ತಿ ಎಂದನೋ ಏನೆಂದನೋ, ತಮಟೆಯ ಸದ್ದಿನಲ್ಲಿ ಕೇಳಿಸಲಿಲ್ಲ.

*

ಹುಣಸೆಮರದ ತುಂಡಿಗೆ ಎರಡು ಅಪಾರ್ಟ್‌ಮೆಂಟುಗಳ ನಡುವಿನ ಸಂದಿಯಲ್ಲಿ ಹೋಗಬೇಕು. ಹೆಣ ಹೊತ್ತವರು ಓರೆಯಾಗಿ ದಾಟಿದರು. ಕುಂಟೆಯಲ್ಲಿ ಇನ್ನೂ ಮೊಣಕಾಲುದ್ದ ನೀರಿತ್ತು. ಕೊಕ್ಕರೆಯೊಂದು ತಮಟೆಯ ಸದ್ದಿಗೆ ಎದ್ದು, ಆಚೆ ದಡಕ್ಕೆ ಹೋಗಿ ಕೂತಿತು. ಜೆಸಿಬಿ ಆಗಲೇ ಬಂದು, ಅಜ್ಜನ ಸಮಾಧಿಯ ಪಕ್ಕದಲ್ಲಿ ಕೆಮ್ಮಣ್ಣು ತೆಗೆದು ರಾಶಿ ಹಾಕಿತ್ತು.

ಕೀರ್ತನಾ ಅಲ್ಲಿಗೆ ಬಂದು ಎಷ್ಟೋ ದಿನವಾಗಿತ್ತು. ಹುಲ್ಲಿನ ನಡುವೆ ಸಾಲಾಗಿ ಹಳದಿ ಕಲ್ಲುಗಳು ನಿಂತಿದ್ದವು. ಒಂದೊಂದರ ಮೇಲೂ ಕೆಂಪಿನಲ್ಲಿ ಸೈಟ್ ನಂಬರು. ಒಂದು ಕಲ್ಲು ಕುಂಟೆಯ ನೀರಿನೊಳಗೇ ಇತ್ತು. ಇನ್ನೊಂದು ಅಜ್ಜಿಯ ಸಮಾಧಿಗೆ ಒತ್ತಿಕೊಂಡೇ ಇತ್ತು. ಇವನ್ನು ಯಾವಾಗ ನೆಟ್ಟದ್ದೆಂದು ಅವಳು ಅಪ್ಪನನ್ನು ಕೇಳಿದಳು. ಮಂಜುನಾಥ್ ತಲೆ ತಗ್ಗಿಸಿ, ಅತ್ತೆ ಐಸಿಯುನಲ್ಲಿದ್ದಾಗ ಎಂದ. ನಂಬರು ಬರೆಸಿದ್ದು ನಿನ್ನೆ ರಾತ್ರಿ ಎಂದೂ ಹೇಳಿದ. ಅತ್ತೆ ತೀರಿಕೊಂಡದ್ದು ನಿನ್ನೆ ಸಂಜೆ. ಕೀರ್ತನಾಳಿಗೆ ಅಳು ಬರಲಿಲ್ಲ. ಬೆಳಿಗ್ಗೆಯಿಂದ ಬಾರದ್ದು ಈಗಲೂ ಬರಲಿಲ್ಲ. ಹಲ್ಲು ಕಚ್ಚಿಕೊಂಡು, ಶವವನ್ನು ಇಳಿಸುವವರ ಜೊತೆ ತಾನೂ ಹಗ್ಗ ಹಿಡಿದಳು. ಹೆಣ್ಣುಮಕ್ಕಳು ಹಿಡಿಯಬಾರದು ಎಂದು ಯಾರೋ ಅಂದರು. ಅವಳು ತಿರುಗಿಯೂ ನೋಡಲಿಲ್ಲ.

ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ದ್ಯಾಮಪ್ಪ ಗುಂಡಿಯ ಅಂಚಿಗೆ ಬಂದು ನಿಂತ.

“ಮುಚ್ಚಬಹುದಾ?” ಎಂದು ಕೇಳಿದ.

ಮುಚ್ಚಿ ಎಂದರು ಎಲ್ಲರೂ. ಕೀರ್ತನಾ ಎಲ್ಲರಿಗಿಂತ ಕಡೆಗೆ, ಎಲ್ಲರಿಗೂ ಕೇಳುವಂತೆ, “ಮುಚ್ಚಿ,” ಎಂದಳು.

ಜೆಸಿಬಿಯ ಬಕೆಟ್ಟು ಮಣ್ಣು ಸುರಿಯಿತು. ಸನಿಕೆಯವರು ಅದನ್ನು ಗುಪ್ಪೆ ಮಾಡಿ ತಟ್ಟಿದರು. ಲತಾ ಊದುಬತ್ತಿ ಸಿಕ್ಕಿಸಿದಳು. ನೆಂಟರು ಊಟಕ್ಕೆಂದು ಸಂದಿಯ ಕಡೆ ಹೆಜ್ಜೆ ಹಾಕುತ್ತಿದ್ದಾಗ ದ್ಯಾಮಪ್ಪ ತಡೆದ. ತಲೆಯ ಕಡೆ ಕಲ್ಲು ನೆಡಬೇಕು, ಹಿರಿಯಣ್ಣ ತಾನೇ ತಂದು ನೆಡಬೇಕು ಎಂದ.

ಬೈರಪ್ಪ ಸುತ್ತ ನೋಡಿದ. ಹುಲ್ಲಿತ್ತು, ಕೆಸರಿತ್ತು, ಹುಣಸೆ ಎಲೆಯಿತ್ತು. ಕಲ್ಲೆಂದು ಅಲ್ಲಿ ಇದ್ದದ್ದು ಹಳದಿ ಬಣ್ಣದವು ಮಾತ್ರ. ಅವನು ದ್ಯಾಮಪ್ಪನ ಮುಖ ನೋಡಿದ. ದ್ಯಾಮಪ್ಪ ಸುಮ್ಮನೆ ಕಾಯುತ್ತಿದ್ದ. ನೆಂಟರೆಲ್ಲ ನಿಂತು ಕಾಯುತ್ತಿದ್ದರು. ಬೈರಪ್ಪ ಹತ್ತಿರದ ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ಅಲ್ಲಾಡಿಸಿ ಕಿತ್ತ. ಭಾರವಾಗಿತ್ತು. ಮಗುವನ್ನು ಎತ್ತಿಕೊಳ್ಳುವಂತೆ ಎದೆಗೆ ಅವಚಿಕೊಂಡು, ತೂರಾಡುತ್ತ ಬಂದು ತಂಗಿಯ ತಲೆಯ ಕಡೆ ಇಳಿಸಿದ. ದ್ಯಾಮಪ್ಪ ಅದರ ಬುಡಕ್ಕೆ ಮಣ್ಣು ಒತ್ತಿ ತುಳಿದ.

ಬೈರಪ್ಪ ಕೈ ಒರೆಸಿಕೊಳ್ಳುತ್ತ ನೆಟ್ಟಗೆ ನಿಂತ. ದಪ್ಪಗೆ ಬಳಿದಿದ್ದ ಎಣ್ಣೆ ಬಣ್ಣ ಇನ್ನೂ ಪೂರಾ ಒಣಗಿರಲಿಲ್ಲ. ಅವನ ಬಿಳಿ ಅಂಗಿಯ ಎದೆಯ ಮೇಲೆ ಸೈಟ್ ನಂಬರು ಕೆಂಪಗೆ, ಹಿಂದುಮುಂದಾಗಿ ಮೂಡಿತ್ತು.